ಹೇಮಿಷ್ ಅವರ ಕೆಲಸ ತೆಗೆದ ಬಾಯಿ

ಹೋದ ತಿಂಗಳು ಒಂದು ಮಂಗಳವಾರ ಬೆಳಿಗ್ಗೆ ನಾನು ಒಬ್ಬರನ್ನು ಕೆಲಸದಿಂದ ತೆಗೆದೆ.

ತಮಾಷೆ ಮಾಡುತ್ತಿಲ್ಲ. "ಯು ಆರ್ ಸ್ಯಾಕ್ಡ್" ಎಂಬ ಮಾತು ನನ್ನ ಬಾಯಿಂದಲೇ ಹೊರಬಿತ್ತು. ಎದುರಿಗೆ ಕೂತಿದ್ದವರು ವಯಸ್ಸಿನಲ್ಲಿ ನನಗಿಂತ ಎಷ್ಟೋ ದೊಡ್ಡವರು. ಬಾಗಿಲು ದಾಟುವಾಗ ತಲೆ ತಗ್ಗಿಸಬೇಕಾದಷ್ಟು ಎತ್ತರದ ಆಳು. ಅವರಿಗೆ ಕೆಲಸ ಕೊಟ್ಟವಳು ನಾನಲ್ಲ. ತೆಗೆಯುವ ಅಧಿಕಾರವೂ ನನಗಿಲ್ಲ. (ಮನೆಯಲ್ಲಿ ಟಿವಿ ರಿಮೋಟಿನ ಮೇಲೇ ಅಧಿಕಾರವಿಲ್ಲದವಳು ನಾನು.) ಆದರೂ ತೆಗೆದೆ. ಆ ಶಾಕ್‌ನಿಂದ ನಾನಿನ್ನೂ ಪೂರ್ತಿ ಹೊರಬಂದಿಲ್ಲ.

ನಾವು ಜಪಾನಿನ ನೋಮಿ ಎಂಬ ಊರಿನಲ್ಲಿರುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ನಮ್ಮ ಮನೆಯವರು ಇಲ್ಲಿನ ಲ್ಯಾಬಿನಲ್ಲಿ ಮುಳುಗಿರುತ್ತಾರೆ. ನಾನು ದುಭಾಷಿ. ಆಸ್ಪತ್ರೆ, ಶಾಲೆ, ಸಿಟಿ ಆಫೀಸು, ಕರೆದಲ್ಲಿಗೆ ಹೋಗಿ ಜಪಾನೀಸನ್ನು ಇಂಗ್ಲಿಷಿಗೆ, ಇಂಗ್ಲಿಷನ್ನು ಜಪಾನೀಸಿಗೆ ಮಾಡುವವಳು. ಹಾಗೆ ಕರೆದವರಲ್ಲಿ ಪಕ್ಕದ ಊರಿನ ಫುಟ್‌ಬಾಲ್ ಕ್ಲಬ್ಬೂ ಒಂದು. ದೊಡ್ಡ ಕ್ಲಬ್ ಎಂದುಕೊಳ್ಳಬೇಡಿ. ಜಪಾನಿನ ಲೀಗ್ ಏಣಿಯಲ್ಲಿ ಕೆಳಗಿನ ಮೆಟ್ಟಿಲು. ಪಂದ್ಯ ನೋಡಲು ಬರುವವರಲ್ಲಿ ಅರ್ಧ ಜನ ಆಟಗಾರರ ನೆಂಟರು.

ಆ ಕ್ಲಬ್ಬಿನ ಮ್ಯಾನೇಜರ್ (ಫುಟ್‌ಬಾಲಿನಲ್ಲಿ ಕೋಚ್‌ಗೆ ಹೀಗನ್ನುತ್ತಾರೆ) ಹೇಮಿಷ್. ಸ್ಕಾಟ್ಲೆಂಡಿನವರು. ಎರಡು ಸಲ ಮುರಿದ ಮೂಗು, ಅಷ್ಟೇ ಮುರಿದ ಇಂಗ್ಲಿಷ್. ಮೊದಲು ಇದ್ದ ದುಭಾಷಿ ಹುಡುಗ "ಇವರು ಮಾತಾಡೋದು ಇಂಗ್ಲಿಷ್ ಅಲ್ಲವೇ ಅಲ್ಲ" ಎಂದು ಕೈಮುಗಿದು ಹೋದ ಮೇಲೆ ನನ್ನನ್ನು ಕರೆದರು. ನನಗೂ ಮೊದಲ ತಿಂಗಳು ಅರ್ಧವೇ ಅರ್ಥವಾಗುತ್ತಿದ್ದದ್ದು. ಉಳಿದರ್ಧವನ್ನು ಅವರ ಕೈಸನ್ನೆ ನೋಡಿ ತುಂಬಿಸುತ್ತಿದ್ದೆ.

ಹಡಗು ಕಟ್ಟುವ ಊರಿನಲ್ಲಿ ಹುಟ್ಟಿದವರು. ತಂದೆ ವೆಲ್ಡರ್. ಹದಿನಾರಕ್ಕೇ ಕ್ಲಬ್ ಸೇರಿ, ಹಿರಿಯ ಆಟಗಾರರ ಬೂಟು ಪಾಲಿಶ್ ಮಾಡಿ, ಗ್ಯಾಲರಿ ಗುಡಿಸಿ, ಆಮೇಲೆ ಡಿಫೆಂಡರ್ ಆದವರು. ಗೋಲು ಹೊಡೆಯುವವನ ಹೆಸರನ್ನು ಜನ ಕೂಗುತ್ತಾರೆ. ಗೋಲು ತಡೆಯುವವನ ಹೆಸರು ಯಾವಾಗ ಕೇಳಿಸುತ್ತದೆ? ತಡೆಯಲಾಗದೇ ಹೋದಾಗ. ಮೇಲಿನ ಡಿವಿಜನ್ನಿನಲ್ಲಿ ಆಡಿದ್ದು ಒಂದೇ ಸೀಸನ್, ಅಷ್ಟರಲ್ಲಿ ಮಂಡಿ ಹೋಯಿತು. ಆಮೇಲೆ ಸಣ್ಣಪುಟ್ಟ ಕ್ಲಬ್ಬುಗಳಲ್ಲಿ ಮ್ಯಾನೇಜರ್‌ಗಿರಿ. ತಂಡದ ಬಸ್ ತಾನೇ ಓಡಿಸುವುದು, ಮೈದಾನದ ಹಿಮ ತಾನೇ ಎತ್ತುವುದು. ಎರಡು ಮೂರು ವರ್ಷಕ್ಕೊಮ್ಮೆ ಕೆಲಸ ಕಳೆದುಕೊಳ್ಳುವುದು. ಹಳೆಯ ಜೊತೆಗಾರರೊಬ್ಬರ ಶಿಫಾರಸಿನಿಂದ ಜಪಾನಿಗೆ ಬಂದರು. ನನ್ನನ್ನು 'ಲ್ಯಾಸ್' ಎನ್ನುತ್ತಿದ್ದರು. (ಅವರ ಕಡೆ 'ಏನಮ್ಮಾ' ಅಂದ ಹಾಗೆ.)

ಸೋಮವಾರ ಕ್ಲಬ್ಬಿನ ಅಧ್ಯಕ್ಷ ಕುರೋಯಿವಾ ಸಾನ್ ಅವರ ಫೋನ್ ಬಂತು. "ರೇಖಾ ಸಾನ್, ಸುಮಿಮಾಸೆನ್, ನಾಳೆ ಬೆಳಿಗ್ಗೆ ಹೇಮಿಷ್ ಅವರ ಹತ್ತಿರ ಸ್ವಲ್ಪ ಮಾತಾಡೋದಿದೆ." (ಸಾನ್ ಅಂದರೆ ನಮ್ಮ 'ಅವರೇ', ಸುಮಿಮಾಸೆನ್ ಅಂದರೆ 'ಕ್ಷಮಿಸಿ'.)

ಹಿಂದಿನ ದಿನವಷ್ಟೇ ತಂಡ ಗೆದ್ದಿತ್ತು. ಇನ್ನೇನಿರುತ್ತದೆ? ಕಾಂಟ್ರಾಕ್ಟ್ ಮುಂದುವರಿಸುತ್ತಾರೆ! ನಾನು ಹೇಮಿಷ್‌ಗೆ ಮೆಸೇಜ್ ಮಾಡಿದೆ: ಒಳ್ಳೆಯ ಸುದ್ದಿ ಇರಬಹುದು, ಟೈ ಕಟ್ಟಿಕೊಂಡು ಬನ್ನಿ.

ಕಟ್ಟಿಕೊಂಡು ಬಂದರು. ಪಾರ್ಕಿಂಗಿನಲ್ಲೇ ನಾನು ಕೈಕುಲುಕಿ ಅಡ್ವಾನ್ಸ್ ಕಂಗ್ರಾಟ್ಸ್ ಹೇಳಿದೆ. (ಈಗ ನೆನೆಸಿಕೊಂಡರೆ ಮೈ ಬೆವರುತ್ತದೆ.)

ಒಳಗೆ ಗ್ರೀನ್ ಟೀ ಬಂತು. ಕುರೋಯಿವಾ ಸಾನ್ ಮಾತು ಶುರುಮಾಡಿದರು. ಈ ಸಲದ ಮಳೆ. ಆಟಗಾರರ ಶಿಸ್ತು. ಹೇಮಿಷ್ ಬಂದ ಮೇಲೆ ಊರ ಮಕ್ಕಳಿಗೆ ಫುಟ್‌ಬಾಲ್ ಮೇಲೆ ಬಂದ ಪ್ರೀತಿ. ಕ್ಲಬ್ಬಿನ ಭವಿಷ್ಯ. ಹೊಸ ಸ್ಪಾನ್ಸರ್. ಹೊಸ ಗಾಳಿ. ನಾನು ಒಂದನ್ನೂ ಬಿಡದೆ ಇಂಗ್ಲಿಷಿಗೆ ತಿರುಗಿಸುತ್ತಲೇ ಹೋದೆ. ಹೇಮಿಷ್ ತಲೆಯಾಡಿಸುತ್ತಲೇ ಇದ್ದರು.

"ಆದ್ದರಿಂದ ಇನ್ನು ತಾವು ವಿಶ್ರಾಂತಿ ತೆಗೆದುಕೊಳ್ಳಬೇಕೆಂದು ನಮ್ಮ ಆಸೆ" ಎಂದರು ಕುರೋಯಿವಾ ಸಾನ್.

ನಾನು ಅದನ್ನೂ ಹೇಳಿದೆ. ಹೇಮಿಷ್ ನಕ್ಕರು. "ವಿಶ್ರಾಂತಿನಾ? ನಂಗೇನೂ ಸುಸ್ತಾಗಿಲ್ವಲ್ಲ! ಶನಿವಾರ ಮ್ಯಾಚ್ ಬೇರೆ ಇದೆ."

ಅದನ್ನು ಜಪಾನೀಸಿಗೆ ಮಾಡಿದೆ. ಕುರೋಯಿವಾ ಸಾನ್ ಎದ್ದು ನಿಂತರು. ಸೊಂಟ ಬಗ್ಗಿಸಿ ನಮಸ್ಕರಿಸಿ, "ಅರಿಗಾತೋ ಗೊಝೈಮಾಶಿತಾ" ಎಂದರು.

ಇಂಗ್ಲಿಷಿಗೆ ತಿರುಗಿಸಲು ಹೊರಟ ನನ್ನ ಬಾಯಿ ಅರ್ಧದಲ್ಲೇ ನಿಂತಿತು.

ಯಾಕೆ ಗೊತ್ತೇ? ಜಪಾನೀಸಿನಲ್ಲಿ ಥ್ಯಾಂಕ್ಸ್‌ಗೂ ಭೂತಕಾಲವಿದೆ. ಈಗಿನ ಉಪಕಾರಕ್ಕೆ 'ಗೊಝೈಮಸ್'. ಮುಗಿದುಹೋದದ್ದಕ್ಕೆ 'ಗೊಝೈಮಾಶಿತಾ'. ಇವರು ಹೇಳಿದ್ದು ಮುಗಿದುಹೋದದ್ದರ ಥ್ಯಾಂಕ್ಸ್!

ಹೇಮಿಷ್ ನನ್ನ ಮುಖ ನೋಡಿದರು. ಡಿಫೆಂಡರ್ ಕಣ್ಣು. ಚೆಂಡು ಎಲ್ಲಿಗೆ ಬೀಳುತ್ತದೆಂದು ಮೊದಲೇ ನೋಡುವ ಕಣ್ಣು. "ಲ್ಯಾಸ್, ಇವರು ನನ್ನ ಕೆಲಸದಿಂದ ತೆಗೀತಿದಾರಾ?"

ನಾನು ಅಧ್ಯಕ್ಷರ ಕಡೆ ತಿರುಗಿ, ಹೌದೋ ಅಲ್ಲವೋ ಎಂದು ನೇರವಾಗಿಯೇ ಕೇಳಿದೆ. ಅವರು ಟೀ ಕಪ್ಪಿನ ಕಡೆ ನೋಡುತ್ತಾ, "ರೇಖಾ ಸಾನ್, ಅದನ್ನ ನೀವೇ ಅವರಿಗೆ ಬೇಜಾರಾಗದ ಹಾಗೆ ಹೇಳಿಬಿಡಿ" ಎಂದರು.

ನಾನೇ? ಬೇಜಾರಾಗದ ಹಾಗೆ? ಒಬ್ಬ ಮನುಷ್ಯನ ಕೆಲಸ ಹೋಗಿದೆ ಎಂಬುದನ್ನು ಬೇಜಾರಾಗದ ಹಾಗೆ ಹೇಳುವ ಭಾಷೆ ಯಾವುದು ಸ್ವಾಮಿ?

ಹೇಳಿದೆ. ಮೂರೇ ಪದ. ನನ್ನ ಸ್ವಂತ ಧ್ವನಿ ನನಗೇ ಬೇರೆ ಯಾರದೋ ಅನ್ನಿಸಿತು.

ಹೇಮಿಷ್ ಟೈ ಸಡಿಲಿಸಿ, "ಥ್ಯಾಂಕ್ ಯೂ" ಎಂದರು. ಅಧ್ಯಕ್ಷರಿಗಲ್ಲ. ನನಗೆ!

ಹೊರಗೆ ಕಾರಿಡಾರಿನಲ್ಲಿ ಸೂಟು ಹಾಕಿಕೊಂಡ ಒಬ್ಬ ತರುಣ ಕುರ್ಚಿಯ ತುದಿಯಲ್ಲಿ ಕೂತಿದ್ದರು. ನಮ್ಮನ್ನು ಕಂಡು ಗಡಬಡಿಸಿ ಎದ್ದರು, ಬಗ್ಗಿದವರು ಮೇಲೇಳಲೇ ಇಲ್ಲ. ಹೊಸ ಮ್ಯಾನೇಜರ್. ಅಂದರೆ ಭಾನುವಾರದ ಪಂದ್ಯಕ್ಕೂ ಮುಂಚೆಯೇ ಎಲ್ಲ ತೀರ್ಮಾನವಾಗಿತ್ತು. ನನಗೆ ಸಿಟ್ಟು ನೆತ್ತಿಗೇರಿತು.

ಹೇಮಿಷ್ ಮಾತ್ರ ಅವರ ಭುಜ ಹಿಡಿದು ನಿಲ್ಲಿಸಿದರು. "ಲ್ಯಾಸ್, ಇವರಿಗೆ ಹೇಳು. ಲೆಫ್ಟ್ ಬ್ಯಾಕ್ ಹುಡುಗನ ಹಿಮ್ಮಡಿ ಸರಿಯಿಲ್ಲ. ಅವನು ಬಾಯಿಬಿಡೋದಿಲ್ಲ, ಕೇಳಿದ್ರೆ ಚೆನ್ನಾಗಿದೀನಿ ಅಂತಾನೆ. ಪೂರ್ತಿ ಮ್ಯಾಚ್ ಆಡಿಸಬೇಡಿ."

ಅದನ್ನು ಅವರಿಗೆ ಜಪಾನೀಸಿನಲ್ಲಿ ಹೇಳಿದೆ.

ಅಷ್ಟರಲ್ಲಿ ಫೋನ್ ಗುಂಯ್‌ಗುಟ್ಟಿತು. ಮಗಳು ಅದಿತಿ. ಸ್ಕೂಲಿನ ಬ್ರೇಕಿನಲ್ಲಿ ಕ್ಲಬ್ಬಿನ ವೆಬ್‌ಸೈಟ್ ನೋಡಿದ್ದಾಳೆ. "ಅಮ್ಮಾ, ಹೇಮಿಷ್ ಸಾನ್ ಈಸ್ ಸಿಕ್? ದೇ ಸೇ ಹೀ ಕ್ವಿಟ್!"

ವೆಬ್‌ಸೈಟಿನಲ್ಲಿತ್ತು: ಆರೋಗ್ಯದ ಕಾರಣಕ್ಕೆ, ಅವರದೇ ಕೋರಿಕೆಯ ಮೇರೆಗೆ, ಹೇಮಿಷ್ ಹುದ್ದೆ ಬಿಡುತ್ತಿದ್ದಾರೆ. ನಾವು ಒಳಗೆ ಮಳೆಯ ವಿಷಯ ಮಾತಾಡುತ್ತಿದ್ದಾಗಲೇ ಹಾಕಿದ್ದರು!

ಕಾರಿನಲ್ಲಿ ಕೂತ ಮೇಲೆ ಅದನ್ನು ಓದಿ ಹೇಳಿದೆ. ಆಗ ಮೊದಲ ಸಲ ಅವರ ಮುಖ ಬಿಳಿಚಿಕೊಂಡಿತು. ಕೆಲಸ ಹೋದಾಗ ಆಗದ್ದು ಈಗಾಯಿತು.

"ನನ್ನ ಬಸ್ಸಲ್ಲಿ ತೆಗೆದಿದಾರೆ, ಫೋನಲ್ಲಿ ತೆಗೆದಿದಾರೆ. ಒಂದು ಸಲ ಕ್ಷೌರದಂಗಡೀಲಿ ಕೂತಿದ್ದಾಗ ರೇಡಿಯೋದಲ್ಲೇ ಕೇಳ್ದೆ, ಅರ್ಧ ತಲೆ ಕಟಿಂಗ್ ಆಗಿತ್ತು. ಅದಕ್ಕೆಲ್ಲ ಅಭ್ಯಾಸ ಇದೆ. ತೆಗೆಸಿಕೊಂಡವನಿಗೆ ಮತ್ತೆ ಎಲ್ಲೋ ಕೆಲಸ ಸಿಗುತ್ತೆ. ಕಾಯಿಲೆಯವನು ಅಂತ ಬರೆದ್ರೆ ಈ ವಯಸ್ಸಲ್ಲಿ ಯಾರು ತಗೋತಾರೆ, ಹೇಳು? ನನಗೆ ಬೇರೆ ಯಾವ ಕೆಲಸಾನೂ ಬರೋದಿಲ್ಲ."

ನಾನು ಗಾಡಿ ಬದಿಗೆ ನಿಲ್ಲಿಸಿ ಕುರೋಯಿವಾ ಸಾನ್‌ಗೆ ಫೋನ್ ಮಾಡಿ ಸ್ಪೀಕರ್‌ಗೆ ಹಾಕಿದೆ. ಹೇಮಿಷ್ ಹೇಳಿದ್ದನ್ನು ಒಂದಕ್ಷರ ಮೆತ್ತಗೆ ಮಾಡದೆ ಹೇಳಿದೆ. ಸುಳ್ಳು ಬರೆದಿದ್ದೀರಿ, ತೆಗೆದುಹಾಕಿದ್ದೇವೆ ಎಂದು ಬರೆಯಿರಿ.

ಆ ಕಡೆ ಅಧ್ಯಕ್ಷರ ಧ್ವನಿ ನಿಜಕ್ಕೂ ನಡುಗಿತು. "ಆದರೆ... ಅವರ ಮರ್ಯಾದೆ ಉಳಿಯಲಿ ಅಂತಲೇ ಹಾಗೆ ಬರೆದದ್ದು! ತೆಗೆದುಹಾಕಿದ್ದೇವೆ ಅಂತ ಊರಿಗೆಲ್ಲ ಹೇಗೆ ಹೇಳಲಿ? ಅಷ್ಟು ಒಳ್ಳೆಯ ಮನುಷ್ಯರಿಗೆ ಅಂಥ ಅವಮಾನ ನಾನು ಮಾಡಲಾರೆ."

ನನ್ನ ಸಿಟ್ಟು ಅಲ್ಲೇ ಗಾಳಿ ಹೋದ ಬಲೂನಾಯಿತು. ಈ ಮನುಷ್ಯ ಮೋಸ ಮಾಡಿಲ್ಲ. ಉಪಕಾರ ಮಾಡಿದ್ದೇನೆಂದೇ ನಂಬಿಕೊಂಡಿದ್ದಾರೆ. ಅವಮಾನ ಯಾವುದು, ಮರ್ಯಾದೆ ಯಾವುದು ಎಂಬುದೇ ಇಬ್ಬರಿಗೂ ತಿರುಗುಮುರುಗು. ನಡುವೆ ಸ್ಟೀರಿಂಗ್ ಹಿಡಿದು ಕೂತವಳು ನಾನು.

ಹೇಮಿಷ್ ಫೋನಿನ ಹತ್ತಿರ ಬಗ್ಗಿ ನಿಧಾನವಾಗಿ, ತಮ್ಮ ಉಚ್ಚಾರಣೆಯನ್ನು ಆದಷ್ಟು ತಿದ್ದಿಕೊಂಡು ಹೇಳಿದರು. "ಕುರೋಯಿವಾ ಸಾನ್, ನಾನೂ ಎಷ್ಟೋ ಹುಡುಗರನ್ನ ತಂಡದಿಂದ ತೆಗೆದಿದೀನಿ. ಅವರ ಮನೆಗೆ ಹೋಗಿ, ಅವರಮ್ಮನ ಎದುರಿಗೆ ಕೂತು ಹೇಳಿದೀನಿ. ಕೆಟ್ಟ ಕೆಲಸ ಅದು. ಆದ್ರೆ ಅದು ನನ್ನ ಕೆಲಸ."

ನಾನು ಅನುವಾದಿಸಿದೆ. "ವಕಾರಿಮಾಶಿತಾ" ಎಂದರು ಅವರು. ಅರ್ಥವಾಯಿತು ಎಂದು. ಫೋನ್ ಇಟ್ಟರು. ಜಪಾನಿನಲ್ಲಿ ಅರ್ಥವಾಯಿತು ಎಂದರೆ ಒಪ್ಪಿದೆ ಎಂದೇ ಆಗಬೇಕಿಲ್ಲ. ಹಾಗಾಗಿ ನಾನೇನೂ ಆಸೆ ಇಟ್ಟುಕೊಳ್ಳಲಿಲ್ಲ.

ಮಧ್ಯಾಹ್ನ ಮನೆಗೆ ಬಂದವಳು, ಲ್ಯಾಬಿನಿಂದ ಊಟಕ್ಕೆ ಬಂದಿದ್ದ ನಮ್ಮ ಮನೆಯವರ ಎದುರು ಜಪಾನಿನವರನ್ನು ಚೆನ್ನಾಗಿ ಬೈದೆ. "ಇವ್ರಿಗೆ ಬಾಯಿಬಿಟ್ಟು ಒಂದು ಮಾತು ಹೇಳಕ್ಕೆ ಏನ್ರೀ ಕಷ್ಟ?"

ಅವರು ಲ್ಯಾಪ್‌ಟಾಪಿನಿಂದ ತಲೆಯೆತ್ತಲಿಲ್ಲ. "ನೀನು ಅಕ್ಕಿ ಮುಗಿದ್ರೆ ಏನಂತ ಹೇಳ್ತೀಯಾ?"

ನಿಜ. ಅಕ್ಕಿ 'ಹೆಚ್ಚಾಗಿದೆ' ಅನ್ನುತ್ತೇನೆ. ದೀಪ ಆರಿಸು ಅನ್ನದೆ ದೊಡ್ಡದು ಮಾಡು ಅನ್ನುತ್ತೇನೆ. ಹೋಗುವಾಗ 'ಬರ್ತೀನಿ' ಅನ್ನುತ್ತೇನೆ. ಮೈಸೂರಿನಲ್ಲಿ ಬೆಳೆದ ನನಗೆ ಇದೆಲ್ಲ ಮಂಗಳದ ಮಾತು. ಕುರೋಯಿವಾ ಸಾನ್ 'ವಿಶ್ರಾಂತಿ' ಎಂದರೆ ಮಾತ್ರ ಸುಳ್ಳೇ?

ಆದರೂ ಒಂದು ವ್ಯತ್ಯಾಸವಿದೆ ಅನ್ನಿಸುತ್ತದೆ. ಅಕ್ಕಿಗೆ ನಾಳೆ ಬೇರೆ ಕೆಲಸ ಹುಡುಕಿಕೊಳ್ಳಬೇಕಾಗಿಲ್ಲ.

ಸಂಜೆ ಅದಿತಿ ಫೋನ್ ಹಿಡಿದು ಓಡಿ ಬಂದಳು. ವೆಬ್‌ಸೈಟ್ ಬದಲಾಗಿತ್ತು! ಆರೋಗ್ಯದ ಸಾಲು ಮಾಯ. ಅದರ ಜಾಗದಲ್ಲಿ, ಹೇಮಿಷ್ ಅವರನ್ನು ಹುದ್ದೆಯಿಂದ ತೆಗೆಯಲಾಗಿದೆ, ನಿರ್ಧಾರ ನನ್ನದು, ಹಿಂದಿನ ಪ್ರಕಟಣೆಗೆ ಕ್ಷಮೆ ಇರಲಿ. ಕೆಳಗೆ ಅಧ್ಯಕ್ಷರ ಹೆಸರು. ನಾನು ಮತ್ತೆ ಮತ್ತೆ ಓದಿದೆ. ನಂಬಿಕೆಯೇ ಬರಲಿಲ್ಲ. ಈ ದೇಶದಲ್ಲಿ ಇಷ್ಟು ವರ್ಷಗಳಲ್ಲಿ ಅಂಥ ನೇರವಾದ ವಾಕ್ಯವನ್ನು ನಾನು ಓದಿದ್ದೇ ಇಲ್ಲ.

ಅದಾದ ಮೇಲೆ ಕ್ಲಬ್ಬಿನಿಂದ ನನಗೆ ಕರೆ ಬಂದಿಲ್ಲ. ಬರುತ್ತದೆಂದೂ ಅನ್ನಿಸುವುದಿಲ್ಲ. ಹೊಸ ಮ್ಯಾನೇಜರಿಗೆ ದುಭಾಷಿ ಬೇಕಿಲ್ಲವಲ್ಲ. ಲೆಫ್ಟ್ ಬ್ಯಾಕ್ ಹುಡುಗನನ್ನು ಆ ಶನಿವಾರ ಬೆಂಚಿನಲ್ಲಿ ಕೂರಿಸಿದ್ದರಂತೆ, ಅದಿತಿ ನೋಡಿ ಬಂದು ಹೇಳಿದಳು.

ಹೇಮಿಷ್‌ಗೆ ಮೊನ್ನೆ ಫುಕುವೋಕಾ ಕಡೆಯ ಒಂದು ಕ್ಲಬ್ ಕೆಲಸ ಕೊಟ್ಟಿದೆ. ಏಣಿಯಲ್ಲಿ ಇನ್ನೂ ಒಂದು ಮೆಟ್ಟಿಲು ಕೆಳಗೆ. ಸಾಮಾನು ಕಟ್ಟಲು ಸಹಾಯ ಮಾಡೋಣವೆಂದು ಹೋದರೆ ಎರಡೇ ಸೂಟ್‌ಕೇಸು, ಒಂದು ಚೀಲ ಫುಟ್‌ಬಾಲು. "ಅಲ್ಲಿ ಬಸ್ ನಾನೇ ಓಡಿಸಬೇಕಂತೆ" ಎಂದರು, ಲಾಟರಿ ಹೊಡೆದವರ ಹಾಗೆ ನಗುತ್ತಾ.

ಇದನ್ನು ಓದುತ್ತಿರುವ ನಿಮ್ಮಲ್ಲಿ ಬಾಸ್‌ಗಳೂ ಇದ್ದೀರಿ, ಮ್ಯಾನೇಜರ್‌ಗಳೂ ಇದ್ದೀರಿ. ನಿಮ್ಮನ್ನೊಂದು ಮಾತು ಕೇಳಲೇ?

ನಿಮ್ಮ ಆಫೀಸಿನಲ್ಲಿ ಆ ಮೂರು ಪದಗಳನ್ನು ನೀವು ಯಾರ ಬಾಯಿಂದ ಹೇಳಿಸುತ್ತೀರಿ?