ಗೈಡಿನಾಗ ಇಲ್ಲದ ಭತ್ತ

ನಮ್ಮ ಸಾಲಿಯ ಎಲ್ಲಾ ತಿಳುವಳಿಕಿ ಒಂದ ಕಬ್ಬಿಣದ ಕಪಾಟಿನಾಗ ಇತ್ತು. ಸುಳ್ಳಲ್ರಿ. ಸಮಾಜ ವಿಜ್ಞಾನದ ಸರ ಹತ್ರ ಒಂದ ಗೈಡ್ ಇತ್ತು, ಪೇಪರಿನ ಹೊದಿಕಿ ಹಾಕಿದ್ದು. ಬೀಗ ತೆಗಿತಿದ್ರು, ಗೈಡ್ ನೋಡಿ ಬೋರ್ಡ್ ಮ್ಯಾಲ ಬರಿತಿದ್ರು, ನಾವು ಬೋರ್ಡ್ ನೋಡಿ ನೋಟಬುಕ್ಕಿನಾಗ ಬರಿತಿದ್ವಿ. ಗಂಟಿ ಆತು, ಗೈಡ್ ಒಳಗ, ಮತ್ತ ಬೀಗ. ಇದಕ್ಕ ಪಾಠ ಅಂತಿದ್ರು.

ಒಂದಿನ ನಾ ಕೇಳಿದೆ, "ಜರಾ ಕೈಗಿ ಕೊಡ್ರಿ ಸರ, ನಾವ ಓದತೀವಿ."

"ನಿಮ್ಮ ಕೈಗಿ ಕೊಟ್ರ ನನ್ನ ಕೈಯಾಗ ಏನ ಉಳೀತದ?" ಅಂತ ನಕ್ರು. ಅವರು ಕಲಿಸಿದ್ದರಾಗ ಅದೊಂದ ಮಾತು ಖರೇ ಇತ್ತು ನೋಡ್ರಿ.

ಆ ಗೈಡ್ ಕಾಲುವಿ ಬರೂಕಿಂತ ಮೊದಲಿಂದು. ಶಹಾಪುರ ಸೀಮ್ಯಾಗ ಕಾಲುವಿ ಆಗಿ, ನಮ್ಮ ಹೊಲಕ್ಕ ನೀರು ಬಂದು, ಆಮ್ಯಾಲ ನಾ ಹುಟ್ಟಿ, ಒಂಬತ್ತನೇತ್ತ ಕ್ಲಾಸಿಗೂ ಬಂದಿದ್ದೆ. ಗೈಡ್ ಮಾತ್ರ ಇನ್ನಾ ಮಳಿ ದಾರಿ ಕಾಯಾಕತ್ತಿತ್ತು.

ಅವ್ವ ಮೊದಲ ಹೇಳಿದ್ಳು: "ಪಾಸಾದ್ರ ಸಾಲಿ, ನಪಾಸಾದ್ರ ಗದ್ದಿ. ಆಮ್ಯಾಲ ಅಳಬ್ಯಾಡ."

ಪರೀಕ್ಷಾದಾಗ ಪ್ರಶ್ನಿ ಬಂತು: ನಿಮ್ಮ ತಾಲೂಕಿನ ಮುಖ್ಯ ಬೆಳಿ ಯಾವವು? ಕಿಡಕಿಯಾಗಿಂದ ನೋಡಿದ್ರ ಕಾಲುವಿ ತನಕ ಹಸರ ಭತ್ತ. ಭತ್ತ, ಹತ್ತಿ ಅಂತ ಬರದೆ. ಎರಡ ಮಾರ್ಕ್ಸ್‌ನಿಂದ ನಪಾಸಾದೆ. ಆ ಪ್ರಶ್ನಿಗಿ ಇದ್ದದ್ದೂ ಎರಡ ಮಾರ್ಕ್ಸ್.

ಪೇಪರ್ ಹಿಡ್ಕೊಂಡ ಸರ ಹತ್ರ ಹೋದೆ.

"ಭತ್ತ ಗೈಡಿನಾಗ ಅದ ಏನು?" ಅಂದ್ರು.

"ಇಲ್ರಿ ಸರ. ಹೊಲದಾಗ ಅದ್ರಿ."

"ಹೊಲ ಪೇಪರ್ ತಿದ್ದಂಗಿಲ್ಲ. ನಾ ತಿದ್ದತೀನಿ. ಜ್ವಾಳ, ಸಜ್ಜಿ, ತೊಗರಿ. ನಡಿ."

ನಡದೆ. ಎಲ್ಲಿಗಿ? ಗದ್ದಿಗಿ, ನಮ್ಮ ತಾಲೂಕಿನಾಗ ಇಲ್ಲದ ಭತ್ತದ ಸಸಿ ಹಚ್ಚಾಕ! ಮೊಣಕಾಲ ಮಟ ಕೆಸರಿನಾಗ ಬಗ್ಗಿ ನಿಂತ್ರ ಬಾಜು ಸಸಿ ಹಚ್ಚೂ ಅತ್ತಿಗೋಳು ಕಾಡತಿದ್ರು: "ಯಾಕವಾ, ಬೆಂಚ್ ನೆನಪಾಗಾಕತ್ತದ ಏನು?"

ಕಾಕಾನ ಗಾಜು ಒಡದ ಫೋನ್ ನನ್ನ ಪಾಲಿಗಿ ಬಂದದ್ದು ಆಮ್ಯಾಲ. ಬುತ್ತಿ ಉಂಡು ಬದುವಿನ ಮ್ಯಾಲ ಕುಂತು ಸಿಕ್ಕದ್ದೆಲ್ಲಾ ಓದಿದೆ, ಸಿಕ್ಕ ವಿಡಿಯೋ ಎಲ್ಲಾ ನೋಡಿದೆ. ಒಂದಿನ ನಕ್ಷಾದಾಗ ನಮ್ಮೂರು ಹುಡುಕಿದ್ರ, ಕಾಲುವಿ ಗೆರಿ, ಅದರ ಬಾಜು ಹಸರ ಚೌಕ. ಆಕಾಶದಾಗಿನ ಉಪಗ್ರಹಕ್ಕ ನಮ್ಮ ಭತ್ತ ಕಂಡದ್ರಿ, ಗ್ವಾಡಿ ಆಚಿ ಕಡಿ ಕುಂತ ಸರಗ ಕಂಡಿಲ್ಲ! ಫೋನ್ ನೋಡೇ ಕಲ್ತು, ಸುರಪುರಕ್ಕ ಹೋಗಿ, ಸಾಲಿಗಿ ಹೋಗದನ ಹೊರಗಿನಿಂದ ಹತ್ತನೇತ್ತ ಪರೀಕ್ಷಾ ಬರದು ಪಾಸಾದೆ.

ಹೋದ ವರ್ಷ ನಮ್ಮ ತಂಗಿ ಒಂಬತ್ತನೇತ್ತ. ಸಾಲಿದು ವಾಟ್ಸಾಪ್ ಗ್ರೂಪ್ ಆಗ್ಯಾದ. ಅದರಾಗ ಸರ ಏನ ಹಾಕ್ಯಾರ ಅಂತೀರಿ? ಅದೇ ಗೈಡ್. ಹಾಳಿ ಹಾಳಿ ಫೋಟೋ ಹೊಡದಾರ, ಪ್ರತಿ ಫೋಟೋದಾಗ ಹಾಳಿ ಹಿಡದ ಅವರ ಹೆಬ್ಬಟ್ಟು. ಕೆಳಗ ಊರ ಮಂದಿ ಕೈ ಮುಗದ ಚಿತ್ರ: ಭಾರಿ ಕೆಲಸ ಮಾಡೀರಿ ಸರ! ಅಷ್ಟು ವರ್ಷ ಕಪಾಟಿನಾಗ ಕೊಳತಿದ್ದು ಈಗ ಮನಿ ಮನಿಯಾಗ ಕೊಳ್ಯಾಕತ್ತದ, ಇಷ್ಟ ಫರಕು.

ಪರೀಕ್ಷಾ ಹಿಂದಿನ ದಿನ ತಂಗಿ ಫೋನ್ ಹಿಡ್ಕೊಂಡ ಬಂದ್ಳು. "ಯಕ್ಕಾ, ಬೆಳಿ ಪ್ರಶ್ನಿ ಬರ್ತದಂತ. ಏನ ಬರೀಲಿ? ನೀ ಬರದಂಗ?"

ಅವ್ವ ರೊಟ್ಟಿ ಬಡಿಯೂದು ನಿಲ್ಲಿಸಿದ್ಳು. ಆಕಿಗೂ ಅದೇ ಮಾತು ಹೇಳಿದ್ಳು ಅವ್ವ, ಪಾಸಾದ್ರ ಸಾಲಿ, ನಪಾಸಾದ್ರ ಗದ್ದಿ. ಕಣ್ಣಿಗಿ ಕಂಡದ್ದ ಬರೀಬೇಕು ಅಂತ ಓಣಿ ಹುಡುಗೂರಿಗೆಲ್ಲಾ ಭಾಷಣ ಹೊಡ್ಯಾಕಿ ನಾನ. ತಂಗಿ ಕಾಲು ನೋಡಿದೆ. ಬೆರಳ ಸಂದ್ಯಾಗ ಇನ್ನಾ ಕೆಸರ ಹುಣ್ಣು ಆಗಿರಲಿಲ್ಲ.

"ಹೆಬ್ಬಟ್ಟಿನ ಬಾಜು ಏನ ಅದ, ಅದನ್ನ ಬರಿ," ಅಂದೆ.

ಬರದ್ಳು. ಎರಡಕ್ಕ ಎರಡು. ಹತ್ತನೇತ್ತಕ್ಕ ಹೋದ್ಳು.

ನಾಟಿ ಟೈಮಿಗಿ ಒಂದ ಐತವಾರ ಸೂಟಿ ಅಂತ ನಮ್ಮ ಸಂಗಟ ಗದ್ದಿಗಿ ಬಂದ್ಳು. ಸಸಿ ಕಟ್ಟು ಕೈಯಾಗ ಹಿಡದು, ಅತ್ತಿಗೋಳ ಮುಂದನ ಜೋರಾಗಿ ಕೇಳಿದ್ಳು, "ಯಕ್ಕಾ, ಇದೇನ ಹಚ್ಚಾಕತ್ತೀವಿ?"

"ಜ್ವಾಳ," ಅಂದೆ. "ಬಾಯಿ ಮುಚ್ಚಿ ಹಚ್ಚು."