ರೊಟ್ಟಿ ನೂರಿಯಾ ಮತ್ತು ತಪ್ಪಿದ ಹೊಸ್ತಿಲು

ಏಡನ್ ಬಂದರಿನ ಉತ್ತರಕ್ಕಿರುವ ರದ್ಫಾನಿನ ಗುಡ್ಡಗಳಲ್ಲಿ ಬರೀ ನೂರಿಯಾ ಎಂದರೆ ಯಾವ ನೂರಿಯಾ ಎಂದು ಕೇಳುತ್ತಿದ್ದರು. ರೊಟ್ಟಿ ನೂರಿಯಾ ಎಂದರೆ ಸಾಕು, ಕೈಚಾಚಿ ದಾರಿ ತೋರಿಸುತ್ತಿದ್ದರು. ಬ್ರಿಟಿಷರ ವಿಮಾನಗಳು ಹೊಲಗಳ ಮೇಲೆ ಬೆಂಕಿ ಸುರಿಯುತ್ತಿದ್ದ ಕಾಲದಲ್ಲಿ, ಹೊಗೆ ಕಾಣಬಾರದೆಂದು ಗವಿಯೊಳಗೆ ಒಲೆ ಹೂಡಿ, ಜೋಳದ ರೊಟ್ಟಿ ಸುಟ್ಟು, ಸೌದೆಹೊರೆಯ ನಡುವೆ ಅಡಗಿಸಿ ಹೋರಾಟಗಾರರಿಗೆ ಮುಟ್ಟಿಸಿದವಳು ಆಕೆ. ಗಂಡ ಆ ಯುದ್ಧದಲ್ಲೇ ಹೋದ. ಮಕ್ಕಳಿರಲಿಲ್ಲ. ಉಳಿದವನು ತಮ್ಮ ಮುಥನ್ನಾ ಒಬ್ಬನೇ. ಯುದ್ಧಕ್ಕೂ ಎಷ್ಟೋ ವರ್ಷ ಮೊದಲು, ತಾಯಿ ತೀರಿಕೊಂಡ ಮೇಲೆ, ಅವನನ್ನು ಬೆನ್ನಿಗೆ ಕಟ್ಟಿಕೊಂಡೇ ಹಿಟ್ಟು ನಾದಿದ್ದಳು.

ಆಕೆಯ ರೊಟ್ಟಿ ತಿಂದವರಲ್ಲಿ ಧೈಬಾನ್ ಎಂಬ ಕುರಿಗಾಹಿಯ ಮಗನೂ ಇದ್ದ. ಬ್ರಿಟಿಷರು ಹಡಗು ಹತ್ತಿ ಹೋದ ಕೆಲವು ವರ್ಷಗಳಲ್ಲಿ ಅವನೇ ನಾಡನ್ನು ಆಳುವವನಾದ. ಸುಲ್ತಾನರ ಭೂಮಿಯನ್ನು ಉಳುವವರಿಗೆ ಹಂಚಿದ. ಹೆಂಗಸರ ಕೈಗೆ ಸ್ಲೇಟು ಕೊಟ್ಟ. ಅಮಲಿನ ಖಾತ್ ಎಲೆ ಜಗಿಯುವ ಚಟವನ್ನು ರಜಾದಿನಕ್ಕಷ್ಟೇ ಕಟ್ಟಿಹಾಕಿದ. ಕುಲಗಳ ನಡುವಿನ ರಕ್ತದ ಸೇಡನ್ನು ನಿಷೇಧಿಸಿ, ಸೇಡಿಗಾಗಿ ಕೊಂದವನಿಗೆ ಗುಂಡು ಎಂದು ರೇಡಿಯೊದಲ್ಲಿ ಅವನು ಸಾರಿದ ದಿನ ನೂರಿಯಾ ಒಲೆಯ ಮುಂದೆ ಕುಳಿತು, "ಒಳ್ಳೇದೇ ಆಯ್ತು ಬಿಡು" ಎಂದಿದ್ದಳು.

ಆ ಕಾನೂನು ಅವಳ ಮನೆಗೇ ಬಂತು. ಮುಥನ್ನಾ, ಹಳ್ಳದಾಚೆಯ ಹಮಾಮಾ ಎಂಬ ವಿಧವೆಯ ಮಗನನ್ನು ಗುಂಡಿಟ್ಟು ಕೊಂದ. ಹಮಾಮಾಳ ಗಂಡ ಎಂದೋ ಮುಥನ್ನಾನ ತಂದೆಯನ್ನು ಕೊಂದಿದ್ದನೆಂಬುದೇ ಕಾರಣ. ನ್ಯಾಯಾಲಯ ಮರಣದಂಡನೆ ವಿಧಿಸಿತು.

ನೂರಿಯಾ ಅಳುತ್ತ ಕೂರಲಿಲ್ಲ. ಇದ್ದ ಒಂದೇ ಮೇಕೆಯ ಕೊರಳಿಗೆ ಹಗ್ಗ ಬಿಗಿದು, ಧೈಬಾನನಿದ್ದ ಏಡನ್ನಿಗೆ ಹೋಗುವ ಲಾರಿ ಹತ್ತಿದಳು. ಬೇಡಿ ಬಂದವರು ಹೊಸ್ತಿಲ ಮುಂದೆ ಪ್ರಾಣಿ ಕೊಯ್ದರೆ, ಮನೆಯವರು ಅವರ ಮಾತು ಕೇಳಿಸಿಕೊಳ್ಳದೆ ಆ ರಕ್ತವನ್ನು ದಾಟುವಂತಿಲ್ಲ. ಅದು ಗುಡ್ಡಗಾಡಿನ ಕಟ್ಟಳೆ. ಧೈಬಾನ್ ನಿಲ್ಲಿಸಿದ ಹಳೆಯ ಕಟ್ಟಳೆಗಳಲ್ಲಿ ಅದೂ ಒಂದಾಗಿತ್ತು.

"ಮೇಕೇಗೆ ಬಾಡಿಗೆ ಯಾರು ಕೊಡ್ತಾರೆ, ಚಿಕ್ಕಮ್ಮ?" ಎಂದ ಲಾರಿಯವನು. ಅವನ ಎಡಗೆನ್ನೆ ನಿಂಬೆಹಣ್ಣಿಟ್ಟಂತೆ ಉಬ್ಬಿತ್ತು.

"ಇವತ್ತು ರಜಾ ಅಲ್ವಲ್ಲೋ. ಕೆನ್ನೇಲಿ ಏನದು?"

"ಹಲ್ಲುನೋವು ಚಿಕ್ಕಮ್ಮ, ಊದ್ಕೊಂಡಿದೆ."

"ನಿನ್ನ ಹಲ್ಲುನೋವು ಹಸಿರು ಬಣ್ಣದ್ದು ಕಣಪ್ಪ. ನಾನು ಹೋಗ್ತಿರೋದು ಸಂಗಾತಿ ಧೈಬಾನನ ಮನೇಗೇ. ಹೇಳ್ಲಾ?"

ಮೇಕೆ ಬಾಡಿಗೆಯಿಲ್ಲದೆ ಪ್ರಯಾಣಿಸಿತು.

ಸುಲ್ತಾನನ ಅರಮನೆಯನ್ನು ದೂರದಿಂದ ಕಂಡು ನಡುಗಿದ್ದ ನೂರಿಯಾಳಿಗೆ ಏಡನ್ನಿನಲ್ಲಿ ಧೈಬಾನನ ಮನೆ ಕಂಡು ದಿಗ್ಭ್ರಮೆಯಾಯಿತು. ಕೆಸರು ಮೆತ್ತಿದ ಜೀಪು. ಹಗ್ಗದ ಮೇಲೆ ಒಣಗಲು ಹಾಕಿದ, ಕಾಲರು ಸವೆದ ಅಂಗಿ. ನಾಡನ್ನೇ ಅಲುಗಿಸಿದವನ ಅಂಗಿ ಅದೇ ಎಂದು ತಿಳಿದಾಗ ಮೊದಲ ಬಾರಿಗೆ ಆಕೆಗೆ ಹೆದರಿಕೆಯಾಯಿತು.

"ಉಡುಗೊರೆ ಎಲ್ಲ ಇಲ್ಲಿ ತಗೊಳಲ್ಲ, ಅತ್ತೆ" ಎಂದ ಕಾವಲಿನವನು.

"ಉಡುಗೊರೆ ಯಾರು ತಂದ್ರು?" ಎಂದವಳೇ, ಮೇಲುಹೊದಿಕೆಯಡಿಯಿಂದ ಚೂರಿ ತೆಗೆದು, ದೇವರ ಹೆಸರು ಹೇಳಿ, ಅವನು ಕೈ ಚಾಚುವಷ್ಟರಲ್ಲಿ ಮೇಕೆಯನ್ನು ಕೊಯ್ದೇಬಿಟ್ಟಳು.

ಗದ್ದಲ ಕೇಳಿ ಧೈಬಾನ್ ಹೊರಬಂದ. ಒಂದು ಕೆನ್ನೆಯ ಮೇಲೆ ಇನ್ನೂ ಸೋಪಿನ ನೊರೆಯಿತ್ತು. ರಕ್ತ ಹೊಸ್ತಿಲಿಗೆ ತಾಗಿ ನಿಂತಿತ್ತು. ಅವನೂ ನಿಂತ.

"ಇದನ್ನ ನಿಲ್ಲಿಸಿದ್ದು ಯಾರು, ಗೊತ್ತೇನಕ್ಕ?"

"ಗೊತ್ತು, ನೀನೇ. ಆದ್ರೂ ದಾಟಲಿಲ್ಲ ನೋಡು ನೀನು."

ಅವನು ಅವಳನ್ನು ದಿಟ್ಟಿಸಿದ. "ರೊಟ್ಟಿ ನೂರಿಯಾ! ನಿನ್ನ ರೊಟ್ಟೀಲಿ ಅರ್ಧ ಕಲ್ಲು, ಅರ್ಧ ಇದ್ದಿಲು ಇರ್ತಿತ್ತಲ್ಲೇ!"

"ತಿನ್ನೋವಾಗ ಒಬ್ಬನೂ ಹೇಳಲಿಲ್ಲ."

"ಹೊಟ್ಟೆ ಹಸಿದಿತ್ತು."

ಆ ಅನ್ನದ ಋಣವನ್ನು ಈಗ ಎತ್ತಿ ಆಡಬಹುದಿತ್ತು. ನೂರಿಯಾ ಆಡಲಿಲ್ಲ. "ತಮ್ಮ ಜೈಲಲ್ಲೇ ಮುದುಕ ಆಗ್ಲಿ. ಜೀವ ಒಂದು ಉಳಿಸು" ಎಂದಷ್ಟೇ ಹೇಳಿ, ನಡೆದದ್ದನ್ನು ತಿಳಿಸಿದಳು.

"ಹೊಸ್ತಿಲು ತಪ್ಪಿದೆ ಅಕ್ಕ ನೀನು. ಸತ್ತವನು ನನ್ನ ಮಗನಾ? ನಮ್ಮ ಗುಡ್ಡದಲ್ಲಿ ಮೇಕೆ ಕೊಯ್ಯೋದು ಯಾರ ಬಾಗಿಲಲ್ಲಿ?"

ಕೂಸಿಗೂ ಗೊತ್ತಿದ್ದ ಸಂಗತಿ! ರಕ್ತ ಯಾರ ಮನೆಯದೋ ಬೇಡುವುದು ಆ ಮನೆಯಲ್ಲಿ. ಜೀವ ತೆಗೆಯುವುದೂ ಕೊಡುವುದೂ ಸುಲ್ತಾನನ ಬಾಗಿಲಲ್ಲೇ ಎಂದು ತಲೆಮಾರುಗಳಿಂದ ನಂಬಿದ ಕಾಲು, ಸುಲ್ತಾನರು ಹೋದ ಮೇಲೂ ಅತ್ತಲೇ ಎಳೆದು ತಂದಿತ್ತು.

"ಹಮಾಮಾ ನನ್ನ ಮುಖ ನೋಡಲ್ಲ" ಎಂದಳು.

"ಆ ತಾಯಿ ಒಪ್ಪಿದ್ರೆ ಕೋರ್ಟು ಗುಂಡು ಬಿಟ್ಟು ಜೈಲು ಕೊಡಬಹುದು. ನನ್ನ ಮಾತಿಂದ ತೀರ್ಪು ಬದಲಾಗಬಾರದು. ಆದ್ರೆ ಜೊತೆಗೆ ಬರ್ತೀನಿ."

ಮಾಂಸವನ್ನು ಕೇರಿಗೆ ಹಂಚಲು ಹೇಳಿ, ನೊರೆ ಒರೆಸಿಕೊಂಡು, ತಾನೇ ಜೀಪು ನಡೆಸಿದ.

ಹಮಾಮಾ ಬಾಗಿಲಲ್ಲಿ ಕುಳಿತು ಜೋಳ ಹಸನು ಮಾಡುತ್ತಿದ್ದಳು. ನೂರಿಯಾಳ ಕೈ ಬರಿದಾಗಿತ್ತು. ಮೇಕೆ ಏಡನ್ನಿನಲ್ಲೇ ಮುಗಿದಿತ್ತು. ಆಗ ಧೈಬಾನ್ ಮೇಕೆಯ ಬದಲು ತನ್ನ ತಲೆಯ ರುಮಾಲನ್ನು ಬಿಚ್ಚಿ ಹಮಾಮಾಳ ಹೊಸ್ತಿಲ ಮೇಲಿಟ್ಟು, ಬರಿದಲೆಯಲ್ಲಿ ಬಿಸಿಲಿಗೆ ಕುಳಿತ. ಮಾಳಿಗೆಗಳ ಮೇಲೆ ಜನ ನೆರೆದರು. ಆ ಗುಡ್ಡದ ಗಂಡಸು ಪರರ ಮುಂದೆ ತಲೆ ಬರಿದು ಮಾಡುವುದಿಲ್ಲ. ಇವನು ನಾಡಿನ ದೊರೆ. ನೂರಿಯಾಳೂ ಅವನ ಪಕ್ಕದಲ್ಲೇ ನೆಲಕ್ಕೆ ಕುಳಿತಳು.

"ಯಾರಪ್ಪ ನೀನು?" ಹಮಾಮಾಳ ಕಣ್ಣು ಮಂಜಾಗಿತ್ತು.

"ಧೈಬಾನ್, ಅಮ್ಮ."

"ರೇಡಿಯೋದವನಾ? ಗುಂಡು ಅಂದೋನೂ ನೀನೇ, ಈಗ ಬಿಡು ಅನ್ನೋಕೆ ಬಂದೋನೂ ನೀನೇನಾ?"

"ಬಿಡು ಅನ್ನೋ ಹಕ್ಕು ನಂಗಿಲ್ಲ. ನೀನು ಬೇಡ ಅಂದ್ರೆ ಎದ್ದು ಹೋಗ್ತೀನಿ, ಶಿಕ್ಷೆ ಆಗುತ್ತೆ. ಕೇಳ್ಕೊಳ್ಳೋಕೆ ಬಂದೆ, ಅಷ್ಟೇ."

ಮುದುಕಿ ಮೊರವನ್ನು ಕೆಳಗಿಟ್ಟಳು. ನೂರಿಯಾಳತ್ತ ತಿರುಗಿದಳು.

"ಹಳ್ಳ ದಾಟೋಕೆ ಏಡನ್ ಸುತ್ತಿ ಬಂದ್ಯೇನೇ? ಕಾಲಿರಲಿಲ್ವಾ ನಿಂಗೆ?"

"ಹೆದರಿಕೆ ಆಯ್ತಮ್ಮ."

"ನನ್ನ ಮಗ ಹೋದ ದಿನ ಹಳ್ಳದಾಚೆಯಿಂದ ರೊಟ್ಟಿ ವಾಸನೆ ಬರಲಿಲ್ಲ. ನನ್ನ ಮಗನಿಗೆ ನೀನೂ ಮರುಗಿ ಒಲೆ ಹಚ್ಚಲಿಲ್ಲ ಅಂತ ಆವತ್ತೇ ತಿಳೀತು."

ತಡವರಿಸುತ್ತ ರುಮಾಲನ್ನು ಎತ್ತಿ, ಧೂಳು ಕೊಡವಿ, ಧೈಬಾನನ ತಲೆಗೆ ಸುತ್ತಿದಳು. "ಬಿಸಿಲಿದೆ, ಹಾಕ್ಕೋ. ಇವಳ ತಮ್ಮ ಬದುಕ್ಲಿ. ನನ್ನ ಹೊಲದ ಕಡೆ ಮಾತ್ರ ತಲೆ ಹಾಕಬಾರದು."

ಮುಥನ್ನಾ ಜೈಲಿಗೆ ಹೋದ, ಜೀವ ಉಳಿಯಿತು. ಅಂದಿನಿಂದ ನೂರಿಯಾಳ ಮೊದಲ ರೊಟ್ಟಿ ದಿನವೂ ಹಳ್ಳ ದಾಟುತ್ತಿತ್ತು.

ಕೆಲವು ವರ್ಷಗಳ ನಂತರ ಧೈಬಾನನ ಸಂಗಾತಿಗಳೇ ಅವನನ್ನು ಕೆಳಗಿಳಿಸಿ ಗುಂಡಿಟ್ಟರು. ರೇಡಿಯೊ ಅವನನ್ನು ದ್ರೋಹಿ ಎಂದಿತು. ಗೋಡೆಗಳಿಂದ ಪಟಗಳು ಇಳಿದವು. ಊರು ಬಾಯಿ ಮುಚ್ಚಿಕೊಂಡಿತು. ಮರುದಿನ ಬೆಳಿಗ್ಗೆ ಹಮಾಮಾ ಕೋಲೂರುತ್ತ ತಾನೇ ಹಳ್ಳ ದಾಟಿ ಬಂದಳು.

"ವಾಸನೆ ಬರಲಿಲ್ಲ" ಎಂದಳು.

ನೂರಿಯಾ ಸರಿದು ಜಾಗ ಕೊಟ್ಟಳು. ಇಬ್ಬರೂ ತಣ್ಣಗಿದ್ದ ಒಲೆಯ ಮುಂದೆ ಕುಳಿತರು.