ದಾಸವಾಳಕ್ಕೆ ನೀರೆರೆದ ಆಯಿ

ಶಹಾಬಾದಿನ ನಮ್ಮ ಓಣಿಯ ಕೂಸುಗಳಿಗೆಲ್ಲ ನೀರೆರೆಯುತ್ತಿದ್ದ ಮುದುಕಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಯಾರು ಏನೇ ಹೇಳಲಿ, "ಮುಟ್ಟಿ ನೋಡಿದಿ ಏನು?" ಎಂಬುದೇ ಆಕೆಯ ಮೊದಲ ಮಾತು.

ಅವ್ವ ಎಣ್ಣೆ ಡಬ್ಬಿಯಲ್ಲಿ ಬೆಳೆಸಿದ್ದ ದಾಸವಾಳ ಒಂದು ವರ್ಷ ಮೊಗ್ಗು ಉದುರಿಸತೊಡಗಿತು. ಟೊಂಗೆಯ ತುಂಬ ಬಿಳಿ ಚುಕ್ಕೆ. ಫರಸಿ ಕಲ್ಲು ಕೊಯ್ಯುವ ಊರಿನಲ್ಲಿ ಬೆಳ್ಳಗಿರುವುದೆಲ್ಲ ಕಲ್ಲಿನ ಧೂಳೇ. ಅವ್ವ ದಿನವೂ ನೀರು ಚಿಮುಕಿಸಿ ಸುಮ್ಮನಾಗುತ್ತಿದ್ದಳು.

ಒಂದು ದಿನ ಆಯಿ ಗಿಡದ ಮುಂದೆ ನಿಂತಾಗ ಅವ್ವ ಹೇಳಿದಳು: "ಧೂಳ ಅದ, ಆಯಿ."

"ಮುಟ್ಟಿ ನೋಡಿದಿ ಏನು?"

ಆಯಿ ಒಂದು ಚುಕ್ಕೆಯನ್ನು ಉಗುರಿನಿಂದ ಎಬ್ಬಿಸಿದಳು. ಚಿಪ್ಪು ಕಳಚಿತು, ಅಡಿಯಲ್ಲಿ ಮೆತ್ತನೆಯ ಹುಳ. "ಧೂಳಿಗೆ ಜೀವ ಇರ್ತದೇನವ್ವ? ಕುಂತಲ್ಲೇ ಕುಂತು ಗಿಡದ ರಸ ಕುಡ್ಯಾಕತ್ತಾವ."

ಆಮೇಲೆ ಅಂಗಳದ ಫರಸಿಯ ಮೇಲೆ ಕಾಲು ಚಾಚಿ ಕುಳಿತು, ಗಿಡವನ್ನು ಡಬ್ಬಿಯ ಸಮೇತ ಕೂಸಿನಂತೆ ಕಾಲ ಮೇಲೆ ಮಲಗಿಸಿಕೊಂಡಳು. ಅಂಟವಾಳದ ನೊರೆಯಲ್ಲಿ ಅರಿವೆ ಅದ್ದಿ ಟೊಂಗೆ ತಿಕ್ಕಿದಳು, ಎಲೆಯ ಬೆನ್ನು ಒರೆಸಿದಳು. "ಆತು ಆತು, ಅಳಬ್ಯಾಡ" ಎಂದು ಗಿಡವನ್ನೇ ರಮಿಸಿದಳು. ವಾರಕ್ಕೊಮ್ಮೆ ಹೀಗೆ ನಾಲ್ಕು ಸಲ ನೀರೆರೆದ ಮೇಲೆ ಮೊಗ್ಗು ಉದುರದೆ ನಿಂತವು.

ಮೊದಲ ಹೂವು ಅರಳಿದ ಮುಂಜಾನೆ ಅವ್ವ ಕೂಗಿಕೊಂಡಳು. "ಆಯಿ, ಮತ್ತ ಬಂದದ! ಎಲಿ ಮ್ಯಾಲ ಕರೀ ಹುಳ!"

ಗೋಡೆಯಾಚೆಯಿಂದ ಅದೇ ಮಾತು: "ಮುಟ್ಟಿ ನೋಡಿದಿ ಏನು?"

ಅವ್ವ ಹಲ್ಲು ಕಚ್ಚಿ ಉಗುರು ಹಚ್ಚಿದಳು. ಉಗುರಿಗೆ ಕಾಡಿಗೆ ಮೆತ್ತಿತು. ತಾನು ನೀರೆರೆದ ಕೂಸಿಗೆ ದೃಷ್ಟಿಬೊಟ್ಟು ಇಡದೆ ಆಯಿ ಎಂದೂ ಎದ್ದವಳಲ್ಲ.